ಗುಡ್ಡಕ್ಕೆ ಹೋಗುವಾಗ ಫಿಲ್ಟರ್ ಇದ್ದರೆ ಸಾಕಾ?

ಪ್ರಶ್ನೆ (ದಾವಣಗೆರೆ): ಮೇಡಂ ನಮಸ್ಕಾರ. ನೀವು ನೀರು ಪರೀಕ್ಷೆ ಲ್ಯಾಬ್‌ನವರು ಅಂತ ಕೇಳುತ್ತಿದ್ದೇನೆ. ನಾವು ನಾಲ್ಕು ಜನ ಎರಡು ದಿನ ಚಿತ್ರದುರ್ಗದ ಜೋಗಿಮಟ್ಟಿ ಕಡೆ ನಡೆಯಲು ಹೊರಟಿದ್ದೇವೆ. ಅರಣ್ಯ ಇಲಾಖೆಯ ಅನುಮತಿ ಇದೆ, ರಾತ್ರಿ ಕೆಳಗೆ ಹಳ್ಳಿಯಲ್ಲಿ ತಂಗುತ್ತೇವೆ. ಅಮೆರಿಕದ ಬೇಟೆಗಾರರ ವಿಡಿಯೋ ನೋಡಿ ಚಿಕ್ಕ ಫಿಲ್ಟರ್ ತರಿಸಿದೆ. ಅದರ ರಂಧ್ರ 0.1 ಮೈಕ್ರಾನ್ ಅಂತಿದೆ. ನಮ್ಮ ಕಡೆ ಫ್ಲೋರೈಡ್ ಜಾಸ್ತಿ ಅಲ್ವಾ, ಅದನ್ನೂ ತೆಗೆಯುತ್ತಾ?

ಉತ್ತರ: ಇಲ್ಲ. ಫ್ಲೋರೈಡ್ ಉಪ್ಪಿನ ಹಾಗೆ ನೀರಲ್ಲಿ ಕರಗಿರುತ್ತದೆ. ಆ ಫಿಲ್ಟರ್ ಬ್ಯಾಕ್ಟೀರಿಯಾ, ಅಮೀಬಾ, ಭೇದಿ ತರುವ ಜಿಯಾರ್ಡಿಯಾ ಎಂಬ ಸೂಕ್ಷ್ಮಜೀವಿ ತಡೆಯುತ್ತದೆ, ಅಷ್ಟೇ. ವೈರಸ್ ನುಸುಳುತ್ತದೆ. ಕಾಮಾಲೆ ತರುವ ಹೆಪಟೈಟಿಸ್ ಎ, ಇ ಎರಡೂ ವೈರಸ್ಸೇ. ಆ ಬೇಟೆಗಾರರು ಓಡಾಡುವುದು ಊರೇ ಇಲ್ಲದ ಬೆಟ್ಟಗಳಲ್ಲಿ. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಬೇಟೆಯ ಮಾತೇ ಬೇಡ!) ನಮ್ಮ ಹಳ್ಳಗಳ ಮೇಲ್ಗಡೆ ಜನ, ದನ, ಕುರಿ ಎಲ್ಲ ಇರುತ್ತವೆ. ಹಾಗಾಗಿ ಸೋಸಿದ ಮೇಲೆ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ. ಕಾಡಲ್ಲಿ ಬೆಂಕಿ ಹಚ್ಚಬೇಡಿ. ರಾತ್ರಿ ಹಳ್ಳಿಯಲ್ಲಿ ಕುದಿಸುವುದಾದರೆ, ಕೊತಕೊತ ಅಂದ ಮೇಲೆ ಒಂದು ನಿಮಿಷ ಸಾಕು.

ಫ್ಲೋರೈಡ್ ಕುದಿಸಿದರೂ ಹೋಗಲ್ಲ. ನೀರು ಆವಿಯಾದಷ್ಟೂ ಅದರ ಅಂಶ ಹೆಚ್ಚುತ್ತದೆ. ಆದರೆ ಅದು ಹಲ್ಲು, ಮೂಳೆ ಕೆಡಿಸುವುದು ವರ್ಷಗಟ್ಟಲೆ ಕುಡಿದರೆ. ಎರಡು ದಿನಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಳ್ಳದ ನೀರಾ, ಊರಿನ ಬೋರ್ ನೀರಾ ಅಂದರೆ ನಾನು ಬೋರ್ ನೀರೇ ತುಂಬಿಸಿಕೊಳ್ಳುತ್ತೇನೆ. ಭೇದಿ ಒಂದೇ ರಾತ್ರಿಯಲ್ಲಿ ಮಲಗಿಸಿಬಿಡುತ್ತದೆ.

ಪ್ರಶ್ನೆ (ಹಿರಿಯೂರು): ಅಕ್ಕಾ, ನಮ್ಮಣ್ಣ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗಿರುತ್ತಾನೆ. ಅವನಿಗೂ ಇದೇ ಮಾತಾ?

ಉತ್ತರ: ಅವರ ಲೆಕ್ಕ ಬೇರೆ. ವರ್ಷಾನುಗಟ್ಟಲೆ ಬೋರ್ ನೀರೇ ಕುಡಿದರೆ ಫ್ಲೋರೈಡ್ ಲೆಕ್ಕಕ್ಕೆ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ದಾರಿಯ ಊರುಗಳಲ್ಲಿ ಶುದ್ಧ ನೀರಿನ ಘಟಕ ಸಿಕ್ಕರೆ ಕ್ಯಾನ್ ತುಂಬಿಸಿಕೊಳ್ಳಲಿ. ಅಲ್ಲಿನ ಆರ್‌ಒ ಫ್ಲೋರೈಡ್ ಇಳಿಸುತ್ತದೆ. ಆ ನೀರು ಕುಡಿಯೋಕೆ, ಅಡುಗೆಗೆ. ಪಾತ್ರೆ ತೊಳೆಯೋಕೆ ಬೋರ್ ನೀರು ಸಾಕು. ಬೇಸಿಗೆಯಲ್ಲಿ ಕಟ್ಟೆಯ ನೀರಿನ ಮೇಲೆ ಹಸಿರು ಬಣ್ಣ ಬಳಿದಂತೆ ಪಾಚಿ ಕಟ್ಟಿದ್ದರೆ ಮುಟ್ಟಲೇಬಾರದು. ಕೆಲವು ಪಾಚಿಯ ವಿಷ ಈ ಫಿಲ್ಟರ್‌ಗೂ ಹೋಗಲ್ಲ, ಕುದಿಸಿದರೂ ಹೋಗಲ್ಲ. ಕುರಿಗಳೂ ಸಾಯುತ್ತವೆ.

ಪ್ರಶ್ನೆ (ದಾವಣಗೆರೆ): ಎಷ್ಟು ಹೊರಬೇಕು ಮೇಡಂ? ಪೈಪಿನಲ್ಲಿ ಹೀರುವ ನೀರಿನ ಚೀಲ ತಗೊಳ್ಳಲಾ?

ಉತ್ತರ: ಬಿಸಿಲಲ್ಲಿ ಹತ್ತಿದರೆ ಒಬ್ಬರಿಗೆ ದಿನಕ್ಕೆ ಮೂರು-ನಾಲ್ಕು ಲೀಟರ್. ಅಂದರೆ ಬೆನ್ನ ಮೇಲೆ ಅಷ್ಟೇ ಕೆಜಿ. ಮೇಲೆ ಸಿಗುತ್ತೆ ಅಂತ ನಂಬಬೇಡಿ, ಕೆಳಗೇ ತುಂಬಿಸಿ. ಒಂದೇ ಚೀಲದಲ್ಲಿ ಬೇಡ. ಜಾಲಿ ಮುಳ್ಳು ಒಂದು ಚುಚ್ಚಿದರೆ ಎಲ್ಲ ಹೋಯ್ತು. ಒಂದೊಂದು ಲೀಟರಿನ ಬಾಟಲಿ ವಾಸಿ. ಹಳ್ಳದ ನೀರು ಹಿಡಿಯುವ ಬಾಟಲಿಗೆ ಕೆಂಪು ದಾರ ಕಟ್ಟಿ, ಅದರಲ್ಲಿ ಯಾರೂ ಕುಡಿಯಬಾರದು. ಮಣ್ಣು ಕದಡಿದ ಕೆಂಪು ನೀರಾದರೆ ತಿಳಿಯಾಗಲು ಬಿಟ್ಟು, ಪಂಚೆ ಮಡಚಿ ಸೋಸಿ, ಆಮೇಲೆ ಫಿಲ್ಟರ್‌ಗೆ. ಇಲ್ಲದಿದ್ದರೆ ಅದು ಬೇಗ ಕಟ್ಟಿಕೊಳ್ಳುತ್ತದೆ. ಮಾತ್ರೆ ಕರಗಿದ ಮೇಲೆ ಮುಚ್ಚಳ ಸ್ವಲ್ಪ ಸಡಿಲಿಸಿ ಬಾಟಲಿ ಬಗ್ಗಿಸಿ. ತಿರುಪಿನ ಸಂದಿಯಲ್ಲೂ ಕ್ಲೋರಿನ್ ನೀರು ಹರಿಯಬೇಕು, ನಿಮ್ಮ ತುಟಿ ತಾಗುವುದು ಅಲ್ಲೇ.