ಉಳಿತಾಯ ಪೆಟ್ಟಿಗೆಗೆ ದಾನಿಗಳ ದುಡ್ಡು ಹಾಕಬಹುದೇ?

ಪ್ರಶ್ನೆ: ಮೇಡಂ, ನಮ್ಮ ಸೇವಾಸಂಸ್ಥೆಯಿಂದ 20 ಜನ ಬಡ ಹೆಣ್ಣುಮಕ್ಕಳ ಉಳಿತಾಯ ಗುಂಪು ಕಟ್ಟುತ್ತಿದ್ದೇವೆ. ಅರ್ಧದಷ್ಟು ಮಂದಿಗೆ ಓದುಬರಹ ಬಾರದು. ದಾನಿಯೊಬ್ಬರು ದೊಡ್ಡ ಮೊತ್ತ ಕೊಡಲು ಮುಂದೆ ಬಂದಿದ್ದಾರೆ. ಪೆಟ್ಟಿಗೆಗೆ ಹಾಕಿ ಸಾಲ ಶುರುಮಾಡಬಹುದೇ?

ಉತ್ತರ: ದಯವಿಟ್ಟು ಹಾಕಬೇಡಿ. ಹೊರಗಿನ ದುಡ್ಡು ಬಿತ್ತೆಂದರೆ ಸಾಲ ತೀರಿಸದವಳನ್ನು ಯಾರೂ ಕೇಳುವುದಿಲ್ಲ, 'ಸಂಸ್ಥೆಯದ್ದು ತಾನೇ' ಎಂದು ಸುಮ್ಮನಾಗುತ್ತಾರೆ. ಪಕ್ಕದಲ್ಲಿ ಕೂತವಳು ದುಡಿದು ಕಟ್ಟಿದ್ದಾದರೆ ಕೇಳಿಯೇ ಕೇಳುತ್ತಾರೆ. 1991ರಲ್ಲಿ ನೈಜರ್ ದೇಶದಲ್ಲಿ ಕೇರ್ ಎಂಬ ಅಂತರರಾಷ್ಟ್ರೀಯ ನೆರವು ಸಂಸ್ಥೆ ಆರಂಭಿಸಿದ ಇಂಥ ಉಳಿತಾಯ ಗುಂಪುಗಳು ನಿಂತದ್ದೂ ಸದಸ್ಯೆಯರ ಸ್ವಂತ ಉಳಿತಾಯದ ಮೇಲೆ. ದಾನಿಯ ಹಣ ಪೆಟ್ಟಿಗೆ, ಬೀಗ, ಪಾಸ್‌ಬುಕ್ಕಿಗೆ, ಮುಖ್ಯವಾಗಿ ವರ್ಷಪೂರ್ತಿ ಸಭೆಗೆ ಬರುವ ತರಬೇತುದಾರಳ ಸಂಬಳಕ್ಕೆ ಹೋಗಲಿ.

ಉಳಿತಾಯವನ್ನು ಒಂದೇ ಬೆಲೆಯ 'ಪಾಲು'ಗಳ ಲೆಕ್ಕದಲ್ಲಿ ಕಟ್ಟಿಸಿಕೊಳ್ಳಿ. ಪಾಲಿನ ಬೆಲೆಯನ್ನು ಗುಂಪಿನಲ್ಲೇ ತೀರಾ ಬಡವಳನ್ನು ಕೇಳಿ ಗೊತ್ತುಮಾಡಿ. ಕೂಲಿ ಸಿಗದ ವಾರವೂ ಆಕೆ ಒಂದು ಪಾಲು ಕಟ್ಟುವಂತಿರಬೇಕು. ಅನುಕೂಲವಿದ್ದವರು ಸಭೆಗೆ 5 ಪಾಲಿನ ತನಕ ಕಟ್ಟಲಿ, ಅದಕ್ಕಿಂತ ಹೆಚ್ಚು ಬೇಡ; ಇಲ್ಲವಾದರೆ ಉಳ್ಳವರ ಮಾತೇ ನಡೆಯುತ್ತದೆ.

ಓದು ಬಾರದವರಿಗೆ ಅಂಕಿಗಿಂತ ಮುದ್ರೆ ಒಳ್ಳೆಯದು. ಪಾಸ್‌ಬುಕ್ಕಿನಲ್ಲಿ ಪ್ರತಿ ಸಭೆಗೆ 5 ಚೌಕದ ಒಂದು ಸಾಲು. 3 ಪಾಲು ಕಟ್ಟಿದರೆ 3 ಮುದ್ರೆ, ಉಳಿದ 2 ಚೌಕಕ್ಕೆ ಅಲ್ಲೇ ಪೆನ್ನಿನಿಂದ ಗೀಟು. ಈ ಗೀಟು ಮರೆತ ಕಡೆ ಆಮೇಲೆ ಕಳ್ಳಮುದ್ರೆ ಬೀಳುತ್ತದೆ. ಮುದ್ರೆ, ಶಾಯಿಪ್ಯಾಡು, ಎಲ್ಲರ ಪಾಸ್‌ಬುಕ್ಕು ಪೆಟ್ಟಿಗೆಯೊಳಗೇ ಇರಲಿ. ಪೆಟ್ಟಿಗೆಗೆ 3 ಬೀಗ. ಬೀಗದ ಕೈಗಳು ಪದಾಧಿಕಾರಿಗಳಲ್ಲದ ಮೂವರ ಬಳಿ. ಪೆಟ್ಟಿಗೆ ಇಟ್ಟುಕೊಂಡವಳ ಹತ್ತಿರ ಒಂದೂ ಇರಬಾರದು. ಸಭೆ ಮುಗಿಯುವಾಗ ಒಳಗೆಷ್ಟಿದೆ ಎಂದು ಗಟ್ಟಿಯಾಗಿ ಹೇಳಿ. ಮುಂದಿನ ಸಭೆಯಲ್ಲಿ ಅದೇ ಮೊತ್ತವನ್ನು ಎಲ್ಲರೂ ನೆನಪಿನಿಂದ ಹೇಳಿದ ಮೇಲೆಯೇ ಎಣಿಕೆ.

ಪ್ರಶ್ನೆ: 'ಸಾಲ ತೆಗೆದುಕೊಡು' ಎಂದು ಮನೆಯವರು ಕಾಡಿದರೆ? ಕೊನೆಗೆ ಪೆಟ್ಟಿಗೆಯ ದುಡ್ಡನ್ನು ಸದಸ್ಯೆಯರಿಗೆ ಹಂಚುವುದು ಹೇಗೆ?

ಉತ್ತರ: ಸಾಲ ಯಾತಕ್ಕೆ, ಯಾವ ಆದಾಯದಿಂದ ತೀರಿಸುತ್ತೇನೆ ಎಂಬುದನ್ನು ಆಕೆಯೇ ಸಭೆಯಲ್ಲಿ ಹೇಳಬೇಕು. ತನ್ನ ಉಳಿತಾಯದ 3 ಪಟ್ಟು ಮೀರಬಾರದು, ಆರಂಭದಲ್ಲಿ ಅವಧಿ 3 ತಿಂಗಳೊಳಗೆ. ಈ ನಿಯಮಗಳೇ ಆಕೆಗೆ ಆಸರೆ: 'ಗುಂಪಿನವರು ಒಪ್ಪಲಿಲ್ಲ' ಎಂದು ಮನೆಯಲ್ಲಿ ಹೇಳಬಹುದು, ಜಗಳ ಅವಳೊಬ್ಬಳ ಮೇಲೆ ಬರುವುದಿಲ್ಲ. ಕಾಯಿಲೆ, ಸಾವಿನಂಥ ಕಷ್ಟಕ್ಕೆ ಬೇರೆ ಚೀಲದಲ್ಲಿ ಸಹಾಯನಿಧಿ ಇಡಿ, ಸಾಲದ ದುಡ್ಡಿನೊಂದಿಗೆ ಬೆರೆಸಬೇಡಿ.

9ರಿಂದ 12 ತಿಂಗಳಿಗೊಮ್ಮೆ ಸಾಲಗಳೆಲ್ಲ ವಾಪಸಾದ ಮೇಲೆ ಹಂಚಿಕೆ. ಉದಾಹರಣೆಗೆ, ಪಾಲಿನ ಬೆಲೆ 10, ಒಟ್ಟು ಮುದ್ರೆ 1,800, ಬಡ್ಡಿ ಸೇರಿ ಪೆಟ್ಟಿಗೆಯಲ್ಲಿ 20,700 ಇದೆ ಎನ್ನಿ. ಭಾಗಿಸಿದರೆ ಪಾಲಿಗೆ 11.50, 90 ಮುದ್ರೆ ಇರುವವಳಿಗೆ 1,035. ದುಡ್ಡು ಕೈಗೆ ಕೊಟ್ಟ ಕೂಡಲೇ ಹಳೆಯ ಪುಟಗಳಿಗೆ ಅಡ್ಡಗೆರೆ ಎಳೆಯಿರಿ, ಆಮೇಲೆಯೇ ಹೊಸ ಸುತ್ತಿನ ಮೊದಲ ಮುದ್ರೆ.