ಫಾಲ್ಕನರ್ ಪುಸ್ತಕದ ಬಿಡಿ ಹಾಳೆ: ಕೊಂಡವರು ಏನಂತೀರಿ?

ಹಾಸನದಿಂದ ಪ್ರಶ್ನೆ: ಶಿವಾಲಿಕ್ ಬೆಟ್ಟಗಳ ಫಾಸಿಲ್ ಮೂಳೆಗಳ ಮೇಲೆ ಫಾಲ್ಕನರ್ ಮತ್ತು ಕಾಟ್ಲಿ ತಂದ ಹಳೇ ಪುಸ್ತಕ ‘ಫೌನಾ ಆಂಟಿಕ್ವಾ ಸಿವಾಲೆನ್ಸಿಸ್’ನ ಒಂದು ಲಿಥೋಗ್ರಾಫ್ (ಕಲ್ಲಚ್ಚಿನ ಚಿತ್ರ) ಸಿಗುವ ಹಾಗಿದೆ. ಆನೆಯ ಅಳಿದುಹೋದ ನೆಂಟ ಸ್ಟೆಗೊಡಾನ್‌ನ ತಲೆಬುರುಡೆ. 15,000ದೊಳಗೆ ಮುಗಿಯಬೇಕು. ಹಳೇ ಫಾಸಿಲ್ ಚಿತ್ರ ಕೊಂಡವರು ಅನುಭವ ಹೇಳಿ.

ಮಂಗಳೂರು: ಹಾಳೆಯ ಬೆಲೆ ಏನೂ ಅಲ್ಲ, ಆಮೇಲಿನ ಖರ್ಚು ಕೇಳಿ. ನನ್ನದು ಅದೇ ಪುಸ್ತಕದ ಆನೆ ದವಡೆ, ಚಿತ್ರಕಾರ ಫೋರ್ಡ್‌ನ ಕೈಚಳಕ. ಹಲ್ಲಿನ ಒಂದೊಂದು ಏಣನ್ನೂ ಎಣಿಸಬಹುದು. 12,500 ಕೊಟ್ಟೆ. ಸಾಗಣೆ 3,800, ಸುಂಕ ಬೇರೆ. ಆಸಿಡ್ ಇಲ್ಲದ ಬೋರ್ಡೇ ಬೇಕು ಅಂತ ಬರೆದು ಕೊಟ್ಟಿದ್ದರೂ ಫ್ರೇಮಿನವನು ಹಿಂದುಗಡೆ ಸಾದಾ ರಟ್ಟು ತುರುಕಿದ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಅಂಚಿಗೆ ಕಂದು ಪಟ್ಟಿ, ದವಡೆ ಮೇಲೆ ತುಕ್ಕಿನಂಥ ಚುಕ್ಕೆ. ತೊಳೆಸಲು 9,000. ಹೊಸ ಬೋರ್ಡು, ಬಿಸಿಲಿನ ಯುವಿ ತಡೆಯುವ ಗಾಜಿಗೆ 6,400. ಅವನು ಇವತ್ತಿಗೂ ಕರಾವಳಿ ಹವೆಯನ್ನೇ ದೂರುತ್ತಾನೆ.

ಮೈಸೂರು: ನೀವು ದುಡ್ಡು ಕೊಡುತ್ತೀರಿ ಅಂತಲೇ ಮಾರುವವರು ಬಿಡಿ ಹಾಳೆಗಾಗಿ ಪುಸ್ತಕ ಹರಿಯುವುದು. ನಾನು ಬಿಡಿ ಹಾಳೆ ಮುಟ್ಟುವುದಿಲ್ಲ. ಭಾರತದ ಫಾಸಿಲ್‌ಗಳ ಹಳೇ ಸರಣಿ ‘ಪೇಲಿಯೊಂಟಾಲಜಿಯಾ ಇಂಡಿಕಾ’ದ ಇಡೀ ಸಂಪುಟ ಕೊಂಡೆ. ಸ್ಟೊಲಿಚ್ಕಾ ಬರೆದದ್ದು, ದಕ್ಷಿಣ ಭಾರತದ ಕ್ರಿಟೇಶಿಯಸ್ (ಡೈನೊಸಾರ್‌ಗಳ ಕೊನೆಯ ಯುಗ) ಶಂಖಗಳು. ಬೆನ್ನು ಕಿತ್ತಿತ್ತು. ಬೈಂಡಿಂಗಿಗೇ 7,000. ಆದರೂ ಒಂದು ಹಾಳೆ ಕದಲಿಲ್ಲ.

ಮಂಗಳೂರು: ನಿಮ್ಮ ಬಸವನಹುಳಕ್ಕೆ ಕೈಮುಗಿದೆ. ಫಾಲ್ಕನರ್ ಪ್ಲೇಟುಗಳು (ಚಿತ್ರದ ಹಾಳೆಗಳು) 1845ರಿಂದ 1849ರವರೆಗೆ ಕಂತುಗಳಲ್ಲೇ ಬಂದವು. ಬರಹ ಪೂರ್ತಿಯಾಗಲೇ ಇಲ್ಲ. ಬಿಡಿ ಹಾಳೆ ಕಂಡಲ್ಲೆಲ್ಲ ಯಾರೋ ಪುಸ್ತಕ ಹರಿದರು ಅನ್ನಬೇಡಿ.

ಮೈಸೂರು: ಬೈಂಡ್ ಮಾಡಿದ ತೂತು ಅಂಚಿನಲ್ಲಿ ಇದೆಯೋ ಇಲ್ಲವೋ ನೋಡಿ ಹೇಳಿ. ಸುಮ್ನೆ ವಾದ ಬೇಡ.

ಬೆಂಗಳೂರು: ನೀವಿಬ್ಬರೂ ಅಸಲಿಗೇ ಜಗಳ ಆಡುತ್ತಿದ್ದೀರಿ, ಪುಣ್ಯವಂತರು! ನನಗೆ ಬಂದದ್ದು ನಕಲಿ. ಹತ್ತು ಪಟ್ಟಿನ ಭೂತಗನ್ನಡಿ ಇಟ್ಟರೆ ಸಾಲಾಗಿ, ಒಂದೇ ಅಂತರದ ಚುಕ್ಕೆ, ಯಂತ್ರದ ಅಚ್ಚಿನ ಹಾಗೆ. ಕಲ್ಲಿನ ಮೇಲೆ ಕ್ರೇಯಾನ್ ಎಳೆದದ್ದಾದರೆ ಕಣ ಒರಟಾಗಿ, ಹೇಗೆಂದರೆ ಹಾಗೆ ಇರಬೇಕು ಅಲ್ವಾ? ಹಳೇದು ಕಾಣಲಿ ಅಂತ ಕಾಗದಕ್ಕೆ ಚಹಾ ಬಳಿದಿದ್ದರು. 8,000 ಹೋಯಿತು. ಮಾರಿದವನು ಫೋನ್ ಎತ್ತುವುದಿಲ್ಲ.

ಮ್ಯೂನಿಕ್: ಇಲ್ಲಿ ಆ ಕಲ್ಲನ್ನೇ ಕೊಳ್ಳಬಹುದು. ಹಳೇ ಲಿಥೋ ಕಲ್ಲು ಜರ್ಮನಿಯ ಸೋಲ್ನ್‌ಹೋಫೆನ್ ಗಣಿಯದು. 1861ರ ಆರ್ಕಿಯಾಪ್ಟೆರಿಕ್ಸ್ (ಗರಿಯಿದ್ದ ಆದಿಹಕ್ಕಿ) ಸಿಕ್ಕಿದ್ದೂ ಅದೇ ಸುಣ್ಣಕಲ್ಲಿನಲ್ಲಿ. ನನ್ನ ಹತ್ತಿರ ಒಂದಿದೆ. ಇಬ್ಬರು ಹಿಡಿದೇ ಎತ್ತಬೇಕು.

ಬೆಂಗಳೂರು: ಕಲ್ಲು ಯಾರು ಕೇಳಿದರು?

ಧಾರವಾಡ: ತಾನು ಕೂಡಿಸಿದ ಶಿವಾಲಿಕ್ ಮೂಳೆಗಳನ್ನು ಕಾಟ್ಲಿ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟ. ಅಚ್ಚೂ ಲಂಡನ್ನಿನಲ್ಲೇ. ಈಗ ಪೌಂಡ್ ಎಣಿಸಿ ವಾಪಸ್ ತರುವುದು ದೊಡ್ಡಸ್ತಿಕೆಯಾ?

ಮಂಗಳೂರು: ಹಾಗಾದರೆ ಕಲ್ಕತ್ತಾದ ಮ್ಯೂಸಿಯಂನಲ್ಲೂ ಶಿವಾಲಿಕ್ ಮೂಳೆಗಳಿವೆ, ಹೋಗಿ ನೋಡಿದ್ದೀರಾ? ಮೊದಲು ನೋಡಿ ಬನ್ನಿ, ಆಮೇಲೆ ದೇಶಭಕ್ತಿ.