ಸ್ಟಾಫ್ ನರ್ಸ್‌ಗಳ ಜ್ಞಾನ ಅಳೆದರೆ ಸಾಕೇ? ಸಿನಾಪ್ಸಿಸ್ (ಸಂಶೋಧನೆಯ ಯೋಜನಾ ಪತ್ರ) ಬರೆಯುವವರಿಗೆ ಅನುಭವಸ್ಥರ ಮಾತು

ಪ್ರಶ್ನೆ (ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ): ಕ್ಯಾನುಲಾ (ಔಷಧ, ಡ್ರಿಪ್ ಕೊಡಲು ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕಿದ ಜಾಗದಲ್ಲಿ ಆಗುವ ಫ್ಲೆಬೈಟಿಸ್ (ರಕ್ತನಾಳದ ಉರಿಯೂತ) ತಡೆಯುವ ಬಗ್ಗೆ ಸ್ಟಾಫ್ ನರ್ಸ್‌ಗಳಿಗೆ ಇರುವ ಜ್ಞಾನವನ್ನು ವಿಷಯವಾಗಿ ಆರಿಸಿಕೊಂಡಿದ್ದೇನೆ. 60 ಮಂದಿಗೆ ಪ್ರೀ-ಟೆಸ್ಟ್, ಅದೇ ದಿನ ಬೋಧನೆ, ಏಳನೆಯ ದಿನ ಪೋಸ್ಟ್-ಟೆಸ್ಟ್ ಎಂಬುದು ಯೋಜನೆ. ನಾನು ನೋಡಿದ ಸೀನಿಯರ್‌ಗಳ ಡೆಸರ್ಟೇಷನ್‌ಗಳೆಲ್ಲ ಹೀಗೇ ಇವೆ. ಇಷ್ಟು ಸಾಕೇ? 60 ಎಂಬ ಸಂಖ್ಯೆಯನ್ನು ಹೇಗೆ ಸಮರ್ಥಿಸಿಕೊಳ್ಳಲಿ?

ಉತ್ತರ 1 (ನರ್ಸಿಂಗ್ ಕಾಲೇಜಿನ ಬೋಧಕಿ): ಈ ದಾರಿ ತಪ್ಪೆನ್ನಲಾರೆ, ಆದರೆ ಇದರಿಂದ ಬರುವ ಉತ್ತರ ಮೊದಲೇ ಗೊತ್ತಿರುತ್ತದೆ. ಪಾಠ ಹೇಳಿದ ವಾರದೊಳಗೆ ಅದೇ ಪ್ರಶ್ನೆಗಳನ್ನು ಕೇಳಿದರೆ ಅಂಕ ಏರುವುದು ಸಹಜ. ಆ ಏರಿಕೆಯಲ್ಲಿ ನಿಮ್ಮ ಬೋಧನೆಯ ಪಾಲೆಷ್ಟು, ಪ್ರೀ-ಟೆಸ್ಟ್ ಪತ್ರಿಕೆಯೇ ಹುಟ್ಟಿಸಿದ ಕುತೂಹಲದ ಪಾಲೆಷ್ಟು, ಡ್ಯೂಟಿ ರೂಮಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಉತ್ತರಗಳ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಲು ಹೋಲಿಕೆಗೆ ಇನ್ನೊಂದು ಗುಂಪು ಬೇಕು.

ನಾನು ಓದುವಾಗ ಇಂಥದ್ದೇ ಅಧ್ಯಯನ ಮಾಡಿದ್ದೆ. ಕ್ಯಾನುಲಾ ಹಾಕಿದ ದಿನಾಂಕ ಮತ್ತು ಸಮಯವನ್ನು ಬರೆಯಬೇಕೇ ಎಂಬ ಪ್ರಶ್ನೆಗೆ ಪೋಸ್ಟ್-ಟೆಸ್ಟ್‌ನಲ್ಲಿ ಹೆಚ್ಚುಕಡಿಮೆ ಎಲ್ಲರೂ ಸರಿಯುತ್ತರ ಕೊಟ್ಟಿದ್ದರು. ಪತ್ರಿಕೆಗಳ ಕಟ್ಟು ಹಿಡಿದು ಅದೇ ವಾರ್ಡ್ ಹಾದು ಬರುವಾಗ ನೋಡಿದರೆ, ಕಿಟಕಿ ಪಕ್ಕದ ಸಾಲಿನ ಆರು ರೋಗಿಗಳಲ್ಲಿ ಒಬ್ಬರ ಕೈಯ ಪ್ಲಾಸ್ಟರ್ ಮೇಲೂ ದಿನಾಂಕವಿರಲಿಲ್ಲ. ನಾನು ತಿಳಿವಳಿಕೆ ಅಳೆದು, ಕೆಲಸ ಸುಧಾರಿಸಿತೆಂದು ಬರೆಯಲು ಹೊರಟಿದ್ದೆ.

ಆದ್ದರಿಂದ ಪ್ರಶ್ನಾವಳಿಯ ಜೊತೆಗೆ ವೀಕ್ಷಣೆಯ ಚೆಕ್‌ಲಿಸ್ಟ್ ಒಂದನ್ನು ಇಟ್ಟುಕೊಳ್ಳಿ. ಸಾಧ್ಯವಾದರೆ ಕ್ಯಾನುಲಾ ಜಾಗವನ್ನು ನೋಡಿ ಫ್ಲೆಬೈಟಿಸ್‌ಗೆ ಅಂಕ ಕೊಡುವ, 0ಯಿಂದ 5ರವರೆಗಿನ ವಿಐಪಿ (ವಿಷುಯಲ್ ಇನ್‌ಫ್ಯೂಷನ್ ಫ್ಲೆಬೈಟಿಸ್) ಸ್ಕೋರ್‌ನಲ್ಲಿ ಫ್ಲೆಬೈಟಿಸ್ಸನ್ನೇ ಅಳೆಯಿರಿ. ಇಬ್ಬರು ವೀಕ್ಷಕರು ಅದೇ 20 ಕ್ಯಾನುಲಾಗಳನ್ನು ಬೇರೆಬೇರೆಯಾಗಿ ನೋಡಿ ಅಂಕ ಕೊಟ್ಟು, ಎಷ್ಟರಲ್ಲಿ ಒಮ್ಮತವಿದೆ ಎಂದು ಮೊದಲೇ ಪರೀಕ್ಷಿಸಬೇಕು. ಆಕಸ್ಮಿಕವಾಗಿ ಕೂಡಿಬಂದ ಒಮ್ಮತವನ್ನು ಕಳೆದು ಹೇಳುವ ಲೆಕ್ಕವೇ ಕಪ್ಪಾ. ನೋಟ್‌ಬುಕ್ ಹಿಡಿದು ನಿಂತವರನ್ನು ಕಂಡರೆ ಎಲ್ಲರೂ ಚೆನ್ನಾಗಿ ಕೈ ತೊಳೆಯುತ್ತಾರೆ (ಪಠ್ಯದಲ್ಲಿ ಹಾಥಾರ್ನ್ ಪರಿಣಾಮ ಎಂದು ಓದಿರುತ್ತೀರಿ). ಹಾಗಾಗಿ ಮೊದಲ ಎರಡು ಮೂರು ದಿನಗಳ ದಾಖಲೆಯನ್ನು ಕೈಬಿಡುವುದಾಗಿ ಸಿನಾಪ್ಸಿಸ್‌ನಲ್ಲೇ ಬರೆಯಿರಿ. ಫಲಿತಾಂಶ ನೋಡಿದ ಮೇಲೆ ಬಿಟ್ಟರೆ ಪರೀಕ್ಷಕರು ಸುಮ್ಮನಿರುವುದಿಲ್ಲ.

ಉತ್ತರ 2 (ಬಯೋಸ್ಟ್ಯಾಟಿಸ್ಟಿಕ್ಸ್ ಕಲಿಸುವವರು): 60 ಎಂಬುದು ರೂಢಿಯಿಂದ ಬಂದ ಸಂಖ್ಯೆ. ಫ್ಲೆಬೈಟಿಸ್ ಎಷ್ಟು ಮಂದಿಗೆ ಆಗುತ್ತದೆ ಎಂದು ಅಂದಾಜಿಸುವುದಾದರೆ ನಾಲ್ಕು, ಪಿ, ಕ್ಯೂ ಮೂರನ್ನೂ ಗುಣಿಸಿ ಡಿ ವರ್ಗದಿಂದ ಭಾಗಿಸುವ ಸೂತ್ರ ಬಳಸಬಹುದು. ಪಿ ಎಂದರೆ ಫ್ಲೆಬೈಟಿಸ್ ಆಗಬಹುದಾದವರ ಶೇಕಡಾ ಪ್ರಮಾಣ, ಕ್ಯೂ ಎಂದರೆ ಉಳಿದವರದು, ಡಿ ಎಂದರೆ ತಪ್ಪಿನ ಮಿತಿ. ಪಿ 30, ಕ್ಯೂ 70, ತಪ್ಪಿನ ಮಿತಿ 10 ಎಂದಿಟ್ಟುಕೊಂಡರೆ 84 ಬರುತ್ತದೆ. ಡಿಸ್ಚಾರ್ಜ್ ಆಗಿ ಕೈತಪ್ಪುವವರಿಗಾಗಿ ಶೇ. 10 ಸೇರಿಸಿ 93 ಎನ್ನಿ. ಮಿತಿಯನ್ನು 5ಕ್ಕೆ ಇಳಿಸಿದರೆ ಅದೇ ಲೆಕ್ಕ 336ಕ್ಕೆ ಏರುತ್ತದೆ. ಬೋಧನೆಯ ಮೊದಲು ಮತ್ತು ನಂತರದ ಹೋಲಿಕೆಗೆ ಮಾತ್ರ ಈ ಸೂತ್ರ ಹೊಂದುವುದಿಲ್ಲ. ಎಷ್ಟು ವ್ಯತ್ಯಾಸವನ್ನು ಪತ್ತೆಹಚ್ಚಬೇಕು, ಪವರ್ (ವ್ಯತ್ಯಾಸ ನಿಜವಾಗಿದ್ದರೆ ಅದು ಪತ್ತೆಯಾಗುವ ಸಂಭವ) ಎಷ್ಟಿರಬೇಕು ಎಂಬುದನ್ನು ಅಲ್ಲಿ ಮೊದಲು ನಿರ್ಧರಿಸಬೇಕು. ಒಬ್ಬರೇ ರೋಗಿಯ ಎರಡು ಕ್ಯಾನುಲಾಗಳನ್ನು ಎರಡು ಸ್ಯಾಂಪಲ್ ಎಂದು ಎಣಿಸಬೇಡಿ.

ಉತ್ತರ 3 (ಮೆಡಿಕಲ್ ವಾರ್ಡ್‌ನ ಸ್ಟಾಫ್ ನರ್ಸ್): ಸಿಸ್ಟರ್, ಮೇಡಂ ಹೇಳಿದ ವಿಐಪಿ ಸ್ಕೋರ್‌ನಲ್ಲಿ ನೋವಿಗೂ ಅಂಕವಿದೆ. ನಮ್ಮ ಪೈಲಟ್ ಸ್ಟಡಿಯಲ್ಲಿ (ಮುಖ್ಯ ಅಧ್ಯಯನಕ್ಕೆ ಮೊದಲಿನ ಸಣ್ಣ ಪ್ರಯೋಗದಲ್ಲಿ) ಒಬ್ಬ ಅಜ್ಜಿಯನ್ನು "ಕೈ ನೋವಿದೆಯಾ?" ಎಂದು ಕೇಳಿದಾಗ "ಇಲ್ಲಮ್ಮ" ಎಂದರು. ಸೊನ್ನೆ ಬರೆದು ಮುಂದಿನ ಮಂಚಕ್ಕೆ ಹೊರಟಾಗ "ನೋವಿಲ್ಲ, ಆದ್ರೆ ಉರಿಯಪ್ಪಾ ಉರಿ" ಎಂದು ಹಿಂದಿನಿಂದ ಕೂಗಿದರು. ಆಮೇಲೆ ನೋವು, ಉರಿ, ಸೆಳೆತ ಮೂರನ್ನೂ ಕೇಳುವಂತೆ ಟೂಲ್ ತಿದ್ದಿ, ಕನ್ನಡದಿಂದ ಮತ್ತೆ ಇಂಗ್ಲಿಷ್‌ಗೆ ಬೇರೆಯವರಿಂದ ಅನುವಾದ ಮಾಡಿಸಿ ಹೋಲಿಸಿ ನೋಡಿದೆವು.

ಇನ್ನೊಂದು ವಿಷಯ. ಎಥಿಕ್ಸ್ ಕಮಿಟಿಯ ಅನುಮತಿ ಕೈಗೆ ಬರುವವರೆಗೆ ಒಂದು ಫಾರ್ಮನ್ನೂ ತುಂಬಿಸಬೇಡಿ. ರೋಗಿಗಳ ಒಪ್ಪಿಗೆಯನ್ನು, ಆಗುವುದಾದರೆ, ಅವರನ್ನು ನೋಡಿಕೊಳ್ಳುತ್ತಿರುವ ಸಿಸ್ಟರ್ ಬಿಟ್ಟು ಬೇರೆಯವರು ಕೇಳಲಿ. ಇಂಜೆಕ್ಷನ್ ಕೊಡುವವರೇ ಸಹಿ ಹಾಕಿ ಎಂದರೆ ಬೇಡವೆನ್ನಲು ಯಾರಿಗೂ ಬಾಯಿ ಬರುವುದಿಲ್ಲ.